ಮಾವನ ರಿವಾಲ್ವರ್, ಪೊಲೀಸರ ಪಿಸ್ತೂಲು

ಬೆಳಿಗ್ಗೆ ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಡಬ್ಬಿ ಮುಚ್ಚಿ ದೂರ ಸರಿಸಿದೆ. ನಿಮಗೆ ನಗು ಬರಬಹುದು. ರವಿಕೆ ಹೊಲಿಯುವವಳಿಗೆ ಮೆಷಿನ್ ಎಣ್ಣೆ ಕಂಡರೆ ಭಯವೇ? ಏನು ಮಾಡಲಿ, ನಮ್ಮ ಮನೆಯಲ್ಲಿ ಆ ಡಬ್ಬಿಗೆ ಇಬ್ಬರು ವಾರಸುದಾರರಿದ್ದರು. ಒಬ್ಬಳು ನಾನು, ಇನ್ನೊಬ್ಬರು ನನ್ನ ಮಾವ. ಅವರು ಅದನ್ನು ತಮ್ಮ ರಿವಾಲ್ವರ್‌ಗೆ ಬಿಡುತ್ತಿದ್ದರು.

ಮಾವ ಮಿಲಿಟರಿಯಲ್ಲಿದ್ದು ಬಂದವರು. ಹೊಸನಗರದಲ್ಲಿ ಮನೆ ಕಟ್ಟಿ ಕೂತ ಮೇಲೆ ಆತ್ಮರಕ್ಷಣೆಗೆ ಅಂತ ಪರವಾನಗಿ ಮಾಡಿಸಿ ಅದನ್ನು ತಂದರಂತೆ. ಅವರ ಆತ್ಮಕ್ಕೆ ಯಾರಿಂದ ಅಪಾಯವಿತ್ತೋ ನನಗಂತೂ ಗೊತ್ತಾಗಲಿಲ್ಲ. ತೀರ್ಥಹಳ್ಳಿ ಕಡೆಯ ನನ್ನ ತವರಿನಲ್ಲೂ ಹಂದಿ, ಮಂಗ ಓಡಿಸಲು ಕೋವಿ ಇತ್ತು. ಅದಕ್ಕೆ ನಾನು ಹೆದರಿದವಳಲ್ಲ. ಕೋವಿ ಉದ್ದಕ್ಕಿರುತ್ತದೆ, ಮುಖ ಯಾವ ಕಡೆಗಿದೆ ಅಂತ ದೂರದಿಂದಲೇ ತಿಳಿಯುತ್ತದೆ. ಚುನಾವಣೆ ಬಂದರೆ ಊರಿನ ಕೋವಿಗಳೆಲ್ಲ ಪೊಲೀಸ್ ಸ್ಟೇಷನ್ನಿಗೆ ಜಮಾ ಆಗಿ, ಮುಗಿದ ಮೇಲೆ ತವರಿಗೆ ಹೋದ ಸೊಸೆಯರ ಹಾಗೆ ವಾಪಸ್ ಬರುತ್ತವೆ. ರಿವಾಲ್ವರ್ ಕೋವಿಯ ಹಾಗಲ್ಲ, ಅಂಗೈಯಗಲದ ವಸ್ತು, ಮುಖ ಯಾವ ಕಡೆಗಿದೆ ಅಂತಲೇ ತಿಳಿಯದು. ಮಾವ ಬೀರು ತೆಗೆದರೆ ಸಾಕು, ನಾನು ಅಡಿಗೆಮನೆಯಲ್ಲಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತಿದ್ದೆ.

ವರ್ಷಕ್ಕೊಂದು ದಿನ ಮಾತ್ರ ಅದನ್ನು ಮುಟ್ಟಲೇಬೇಕಿತ್ತು. ಆಯುಧಪೂಜೆಗೆ ಗಂಧ ಹಚ್ಚುವ ಕೆಲಸ ನನ್ನದು. ಕತ್ತಿ, ಗುದ್ದಲಿ, ಸ್ಕೂಟರ್, ಮಿಕ್ಸಿ, ಹೊಲಿಗೆ ಮೆಷಿನ್, ಎಲ್ಲದಕ್ಕೂ ಹಣೆ ಅಂತ ಒಂದು ಜಾಗ ಗೊತ್ತು ಮಾಡಿಕೊಂಡು ಹಚ್ಚುತ್ತಿದ್ದೆ. ರಿವಾಲ್ವರ್‌ನ ನಳಿಗೆಯ ತುದಿಯಲ್ಲಿ, ಗುರಿ ನೋಡಲೆಂದೇ ಎದ್ದು ನಿಂತ ಒಂದು ಸಣ್ಣ ಮೂಗಿದೆ. ಕಣ್ಣು ಅರ್ಧ ಮುಚ್ಚಿಕೊಂಡು ಅದರ ಮೇಲೇ ಒಂದು ಬೊಟ್ಟು ಗಂಧ ಇಟ್ಟು ಕೈ ತೊಳೆದುಕೊಳ್ಳುತ್ತಿದ್ದೆ. ಪೂಜೆಯ ಗಂಧ ಒರೆಸಬಾರದೆಂದು ಮಾವನ ನೇಮ. ಮಿಕ್ಕಿದ್ದೆಲ್ಲ ತಿಕ್ಕಿ ತಿಕ್ಕಿ ಹೊಳೆಯಿಸಿದರೂ ಆ ಬೊಟ್ಟನ್ನು ಮುಟ್ಟುತ್ತಿರಲಿಲ್ಲ. ವರ್ಷ ವರ್ಷದ ಗಂಧ ಒಂದರ ಮೇಲೊಂದು ಒಣಗಿ ಕೂತಿತ್ತು.

ಎರಡು ವರ್ಷದ ಹಿಂದಿನ ಮಾತು. ಮುಸ್ಸಂಜೆ ಹೊತ್ತು, ಹಿತ್ತಲಲ್ಲಿ ಒಣಹಾಕಿದ್ದ ಬಟ್ಟೆಗಳನ್ನು ತಲೆ ಮೇಲೆ ಹೇರಿಕೊಂಡು ಬರುತ್ತಿದ್ದೆ. ಹಿಂಬಾಗಿಲಲ್ಲಿ ಮಾವ ನಿಂತಿದ್ದರು. ಕೈಯಲ್ಲಿ ರಿವಾಲ್ವರ್, ನೇರ ನನ್ನ ಎದೆಗೆ.

“ಮಾವ, ನಾನು” ಎಂದೆ.

“ನಾನು ಅಂದ್ರೆ ಯಾರು?”

ನನ್ನ ದನಿ ಗುರುತು ಸಿಗದಿರಲು ಹೇಗೆ ಸಾಧ್ಯ? ಆ ಮನೆಯಲ್ಲಿ ದಿನವಿಡೀ ಕೇಳುವುದೇ ನನ್ನ ದನಿ. ಬಟ್ಟೆಯೆಲ್ಲ ಕೈ ಜಾರಿ ಕೆಸರಿಗೆ ಬಿತ್ತು. ಮಾವ ನನ್ನ ಮುಖವನ್ನು ಸುಮಾರು ಹೊತ್ತು ನೋಡಿ, ಏನೂ ಆಗದವರ ಹಾಗೆ ಒಳಗೆ ಹೋಗಿ ಕಾಫಿ ಕೇಳಿದರು. ಕಾಫಿ ಮಾಡಿಕೊಟ್ಟೆ. ನಮ್ಮವರಿಗೆ ಹೇಳಿದರೆ, ಕತ್ತಲಲ್ಲಿ ಯಾರಿಗಾದರೂ ಹಾಗಾಗುತ್ತದೆ, ನೀನೊಬ್ಬಳು ಪುಕ್ಕಲಿ ಅಂದುಬಿಟ್ಟರು. ಪುಕ್ಕಲಿ ಹೌದು, ಇಲ್ಲವೆನ್ನುವುದಿಲ್ಲ. ಅಂದಿನಿಂದ ಸಂಜೆಯಾದರೆ ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ.

ಅಷ್ಟರಲ್ಲಿ ಪರವಾನಗಿ ನವೀಕರಿಸುವ ಕಾಲ ಬಂತು. ಸಾಗರದ ಹೊರಗೆ, ಕಲ್ಲು ತೆಗೆದು ಬಿಟ್ಟ ಹಳೇ ಕ್ವಾರಿಯಲ್ಲಿ ಪೊಲೀಸರು ಬಂದೂಕಿನವರಿಗೆಲ್ಲ ಗುರಿ ಅಭ್ಯಾಸ ಇಟ್ಟಿದ್ದರು. ಇಂಥ ಅಭ್ಯಾಸಗಳಲ್ಲಿ ಮಾವನ ಗುಂಡು ಈಚೆಗೆ ಗುರಿಗೆ ಬೀಳುತ್ತಿರಲಿಲ್ಲ. ರಿವಾಲ್ವರ್ ಕೆಟ್ಟಿದೆಯೋ ತನ್ನ ಕೈ ಕೆಟ್ಟಿದೆಯೋ ಇವತ್ತು ತೀರ್ಮಾನವಾಗಲಿ, ಪೊಲೀಸರ ಪಿಸ್ತೂಲಿನಲ್ಲೂ ಹೊಡೆದು ನೋಡುತ್ತೇನೆ ಅಂತ ಹೊರಟರು. ನಮ್ಮವರಿಗೆ ಅಂಗಡಿ ಬಿಡಲಾಗಲಿಲ್ಲ, ಜೊತೆಗೆ ಹೋದವಳು ನಾನೇ. ಬಸ್ಸಿನಲ್ಲಿ ರಿವಾಲ್ವರ್ ಇದ್ದ ಚೀಲ ನನ್ನ ತೊಡೆ ಮೇಲೆ. ಗುಂಡು ತುಂಬಿಲ್ಲ ಅಂತ ಗೊತ್ತಿದ್ದರೂ ರಸ್ತೆಯ ಪ್ರತಿ ಹಂಪ್‌ಗೂ ಉಸಿರು ಹಿಡಿಯುತ್ತಿದ್ದೆ. ಪಕ್ಕದ ಸೀಟಿನ ಹೆಂಗಸು, ತಿಂಡಿಯಾ ಅಂತ ಕೇಳಿದಳು. ಹೌದು ಅಂದೆ.

ನಿಜ ಹೇಳುತ್ತೇನೆ, ಅವತ್ತು ನಾನು ದೇವರಲ್ಲಿ ಕೇಳಿಕೊಂಡದ್ದು ಒಂದೇ. ಮಾವನ ಕೈ ಕೆಟ್ಟಿರಲಿ, ಎರಡರಲ್ಲೂ ಗುರಿ ತಪ್ಪಲಿ, ಬೇಸತ್ತು ಅದನ್ನು ಅಲ್ಲೇ ಒಪ್ಪಿಸಿಬಿಡಲಿ, ಆ ಸಾಮಾನು ಮತ್ತೆ ನಮ್ಮ ಮನೆಗೆ ಬರದಿರಲಿ.

ಮೊದಲು ರಿವಾಲ್ವರ್. ಕ್ವಾರಿಯ ಕೆಂಪು ಗೋಡೆಗಳಿಗೆ ಆ ಸದ್ದು ಬಡಿದು ವಾಪಸ್ ಬರುತ್ತಿದ್ದಾಗ ನಾನು ಎರಡೂ ಕಿವಿ ಮುಚ್ಚಿ ಕೂತಿದ್ದೆ. ಗುಂಡೆಲ್ಲ ಗುರಿಹಲಗೆಯ ಕೆಳ ಅಂಚಿಗೆ ಬಿದ್ದವು. ಸದ್ಯ, ಬದುಕಿದೆ ಅಂದುಕೊಂಡೆ. ಆಮೇಲೆ ಪೊಲೀಸರ ಪಿಸ್ತೂಲು ಕೊಟ್ಟರು. ಎಲ್ಲ ಸರಿಯಾಗಿ ನಡುವಿಗೇ ಬಿದ್ದವು. ತರಬೇತಿ ಕೊಡುತ್ತಿದ್ದ ಹವಾಲ್ದಾರರು ಎರಡೂ ಹಲಗೆಗಳನ್ನು ನೋಡಿ, ಗುಂಡು ಚದುರಿಲ್ಲ, ಕೆಳಗಾದರೂ ಒಂದೇ ಕಡೆ ಬಿದ್ದಿವೆ, ಇದು ಕೈಯ ದೋಷ ಅಲ್ಲ ಎಂದರು. ರಿವಾಲ್ವರನ್ನು ಕಣ್ಣ ಹತ್ತಿರ ಹಿಡಿದು, ಉಗುರಿನಿಂದ ತುದಿಯ ಮೂಗನ್ನು ಕೆರೆದರು. ಗಂಧ ಚಕ್ಕೆ ಚಕ್ಕೆಯಾಗಿ ಉದುರಿತು. ಮೂಗು ಎತ್ತರವಾದರೆ ಗುಂಡು ಕೆಳಗೆ ಬೀಳುತ್ತದಂತೆ. ಅಲ್ಲಿದ್ದವರೆಲ್ಲ ನಕ್ಕರು, ತಮ್ಮ ತಮ್ಮ ಕೋವಿಯ ತುದಿಯನ್ನೂ ಮೆಲ್ಲಗೆ ನೋಡಿಕೊಂಡರು. ಮಾವ ನಗಲಿಲ್ಲ. ಮತ್ತೆ ತುಂಬಿಸಿ ಹೊಡೆದರು. ಈಗ ರಿವಾಲ್ವರ್ ಪಿಸ್ತೂಲನ್ನೂ ಮೀರಿಸಿತು. ತೂತುಗಳೆಲ್ಲ ಒಂದು ಲಿಂಬೆಹಣ್ಣಿನಗಲದಲ್ಲಿದ್ದವು.

ಎಲ್ಲರೂ ಭಲೇ ಅನ್ನುತ್ತಿದ್ದರು. ನಾನು ಹಲಗೆಯನ್ನೇ ನೋಡುತ್ತಿದ್ದೆ. ಆ ಹಲಗೆಯ ನಡುವಿನ ಕಪ್ಪು ಬೊಟ್ಟು ಸರಿಯಾಗಿ ನನ್ನ ಎದೆಯ ಎತ್ತರಕ್ಕಿತ್ತು.

ಸಾಗರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಾವ ಬಾಳೆಹಣ್ಣಿನ ಬನ್ಸ್ ತರಿಸಿದರು. ನಾನು ಅದನ್ನು ಮುರಿದು ಮುರಿದು ತಟ್ಟೆಯ ಅಂಚಿಗೆ ಇಡುತ್ತಿದ್ದೆ. ಅವರೂ ತಿನ್ನದೆ ತಟ್ಟೆ ನೋಡುತ್ತ ಕೂತಿದ್ದರು.

“ಅವತ್ತು ಹಿತ್ಲಲ್ಲಿ ಬಟ್ಟೆ ಹೊತ್ಕೊಂಡು ಬಂದಿದ್ದು ನೀನು ಅಂತ ನಂಗೆ ಆಮೇಲೆ ಗೊತ್ತಾಯ್ತು ಮಾರಾಯ್ತಿ. ಕಾಫಿ ಕುಡ್ದಾದ್ಮೇಲೆ.”

ಹೋಗಲಿ ಬಿಡಿ ಮಾವ ಅಂದೆ.

“ಬಿಡೂಕೆ ಬರಲ್ಲ. ಕೈ ಕೆಟ್ಟಿದ್ರೆ ಮನೇಲೇ ಇಟ್ಕಳ್ತಿದ್ದೆ, ಹೊಡೆದ್ರೂ ಯಾರಿಗೂ ತಾಗ್ತಿರ್ಲಿಲ್ಲ. ಕೈ ಕೆಟ್ಟಿಲ್ಲ ನೋಡು.”

ಹೊಸನಗರದಲ್ಲಿ ಬಸ್ಸಿಳಿದವರು ಮನೆ ಕಡೆ ತಿರುಗಲಿಲ್ಲ. ನೇರ ಸ್ಟೇಷನ್ನಿಗೆ ನಡೆದರು. ಚೀಲವನ್ನು ಮೇಜಿನ ಮೇಲಿಟ್ಟು, ಚುನಾವಣೆಗಲ್ಲ, ಇನ್ನು ವಾಪಸ್ ಬೇಡ ಎಂದರು. ಹೊರಗೆ ಬಂದ ಮೇಲೆ ದಾರಿಯುದ್ದಕ್ಕೂ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ಬಂದರು.

ಹೆದರಿಕೆ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಅದು ಆಳು ಬದಲಿಸಿತು, ಅಷ್ಟೇ. ಈಗ ಕತ್ತಲಾಗುತ್ತಲೇ ಮಾವ, ಬಾಗಿಲು ಹಾಕು, ಹಿತ್ತಲಲ್ಲಿ ಯಾರೋ ನಿಂತಿದ್ದಾರೆ ಅನ್ನುತ್ತಾರೆ. ನನ್ನ ಸೆರಗಿನ ತುದಿ ಬಿಡುವುದಿಲ್ಲ. ಮೆಲ್ಲಗೆ ಬಿಡಿಸಿಕೊಂಡು, ಟಾರ್ಚ್ ಹಿಡಿದು, ಈ ಪುಕ್ಕಲಿಯೇ ಹಿತ್ತಲಿಗೆ ಹೋಗಿ ಸುತ್ತ ನೋಡಿ ಬರುತ್ತೇನೆ. ಯಾರೂ ಇಲ್ಲ ಮಾವ ಅಂದರೆ ಮಗುವಿನಂತೆ ನಂಬುತ್ತಾರೆ. ನಿನ್ನೆ ಮಾತ್ರ ನಂಬುವ ಮೊದಲು ನನ್ನ ಮುಖವನ್ನು ತುಂಬ ಹೊತ್ತು ನೋಡಿದರು. ಸೆರಗಿಗೆ ಚಾಚಿದ ಕೈ ನಡುವೆಯೇ ನಿಂತಿತ್ತು. ಹಿತ್ತಲ ಕತ್ತಲಲ್ಲಿ ನಿಂತಿರುವವಳು ನಾನೇ ಅಂತ ಒಂದು ದಿನ ಅವರಿಗೆ ಅನ್ನಿಸಿಬಿಟ್ಟರೆ, ಸೆರಗು ಹಿಡಿದುಕೊಳ್ಳಲು ಅವರಿಗೆ ಇನ್ಯಾರಿದ್ದಾರೆ?