ಮೇಷ್ಟ್ರ ಕೊನೆಯ ದರ್ಬಾರು

ಮೇಷ್ಟ್ರ ತಲೆ ದೊಡ್ಡದು, ನಮ್ಮ ಕನ್ನಡ ಕೂಟದ ಮೈಸೂರು ಪೇಟ ಚಿಕ್ಕದು. ದಸರಾ ದರ್ಬಾರಿನಲ್ಲಿ ಎರಡು ಗಂಟೆ ಅದನ್ನು ಹೊತ್ತು ಕೂತರೆ ಅವರ ಹಣೆಯ ಮೇಲೆ ಕೆಂಪು ಗೆರೆಯೊಂದು ಮೂಡಿ ಸೋಮವಾರದ ತನಕ ಮಾಸುತ್ತಿರಲಿಲ್ಲ. ಅಮೆರಿಕದ ವೆಸ್ಟ್ ವಿಂಡ್ಸರ್‌ನ ಶಾಲೆಯೊಂದರ ಕೆಫೆಟೇರಿಯಾದಲ್ಲಿ ನಡೆಯುವ ದರ್ಬಾರು ಅದು. ಕೂಟದ ಅಧ್ಯಕ್ಷರಾದ ಮೇಷ್ಟ್ರೇ ಅವತ್ತಿನ ರಾಜರು. ಮಕ್ಕಳು ಬಂದು ಮುಜುರೆ ಮಾಡುವಾಗ ನಗು ತಡೆಯಲು ಮೇಷ್ಟ್ರು ಮೀಸೆಯ ತುದಿ ಕಚ್ಚಿಕೊಳ್ಳುತ್ತಿದ್ದರು.

ಅವರು ಇಲ್ಲಿನ ಕಾಲೇಜಿನಲ್ಲಿ ಸಂವಿಧಾನಗಳ ಇತಿಹಾಸ ಕಲಿಸಿ ನಿವೃತ್ತರಾದವರು. ಆಮೇಲೆ ಶನಿವಾರ ಬೆಳಿಗ್ಗೆ ಲೈಬ್ರರಿಯಲ್ಲಿ ಸಿಟಿಜನ್‌ಶಿಪ್ ಪರೀಕ್ಷೆಗೆ ಪಾಠ ಹೇಳುತ್ತಿದ್ದರು. ಅವರ ಪಾಠದಿಂದಲೇ ನಾನು ಈ ದೇಶದ ಪ್ರಜೆಯಾದದ್ದು. ಪ್ರಶ್ನೋತ್ತರ ಮುಗಿದ ಮೇಲೆ ಅವರು ಆಸೆಪಟ್ಟು ಹೇಳುತ್ತಿದ್ದುದು ಮಾತ್ರ ಇಂಗ್ಲೆಂಡಿನ ರಾಜನೊಬ್ಬನ ಕಥೆ. ವಿಚ್ಛೇದನವಾಗಿದ್ದ ಹೆಂಗಸನ್ನು ಮದುವೆಯಾಗುತ್ತೇನೆಂದು ಆತ ಹಟ ಹಿಡಿದ. ಮಂತ್ರಿಗಳು ಒಪ್ಪಲಿಲ್ಲ. ಮದುವೆಯಾಗಲಿ, ಆಕೆ ರಾಣಿ ಅನ್ನಿಸಿಕೊಳ್ಳುವುದು ಬೇಡ ಎಂಬ ನಡುದಾರಿಯೊಂದು ಬಂತು; ಅದೂ ನಡೆಯದೆ ರಾಜ ಸಿಂಹಾಸನ ಬಿಟ್ಟ.

"ಆ ನಡುದಾರಿ ಹುಡುಕಿದವನು ಕೆಟ್ಟವನಲ್ಲ ಕಣಮ್ಮ," ಎನ್ನುತ್ತಿದ್ದರು. "ಆದ್ರೆ ಮನೆಗೆ ಬಾ, ಹಿತ್ತಲ ಬಾಗಿಲಿಂದ ಬಾ ಅಂದ ಹಾಗಾಯ್ತಲ್ಲ!"

ಮೇಷ್ಟ್ರ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ದರ್ಬಾರಿನ ಜರಿ ಕೋಟು ಬಿಗಿಯಾಯಿತೆಂದು ಜ್ಯಾಕ್ಸನ್ ಹೈಟ್ಸ್‌ನಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಧಾರವಾಡದ ಆಂಟಿಯ ಬಳಿಗೆ ನಾನೇ ಅವರನ್ನು ಕರೆದೊಯ್ದಿದ್ದೆ. ಆಂಟಿ ಟೇಪು ಹಿಡಿದು, "ಉಸರು ಬಿಡ್ರೀ ರಾಜರ, ಹೊಟ್ಟಿ ಎಷ್ಟೊತ್ತು ಮುಚ್ಚಿಟ್ಕೋತೀರಿ?" ಎಂದರು. ಮೇಷ್ಟ್ರು ಅಷ್ಟು ಜೋರಾಗಿ ನಕ್ಕದ್ದನ್ನು ನಾನು ನೋಡಿಯೇ ಬಹಳ ಕಾಲವಾಗಿತ್ತು. ಆಮೇಲೆ ಪ್ರತಿ ಭಾನುವಾರ ಆಂಟಿಯ ಅಂಗಡಿಗೆಂದು ನಮ್ಮ ಪ್ರಿನ್ಸ್‌ಟನ್ ಜಂಕ್ಷನ್‌ನಿಂದ ರೈಲು ಹತ್ತತೊಡಗಿದರು. ಎಷ್ಟು ಕೋಟು ಹೊಲಿಸುತ್ತಾರೆ ಈ ಮನುಷ್ಯ ಎಂದು ನಾವು ಚುಡಾಯಿಸುತ್ತಿದ್ದೆವು. ಒಂದು ದಿನ, ಮದುವೆಯಾಗುತ್ತೇವೆ ಎಂದರು.

ತೊಡಕು ಹುಟ್ಟಿದ್ದು ಮೇಷ್ಟ್ರೇ ಬರೆದ ಕೂಟದ ನಿಯಮಾವಳಿಯಿಂದ. ದರ್ಬಾರಿನ ದೀಪವನ್ನು 'ಅಧ್ಯಕ್ಷರು ಸಪತ್ನೀಕರಾಗಿ' ಬೆಳಗತಕ್ಕದ್ದು ಎಂದು ಬಹಳ ಹಿಂದೆಯೇ ಬರೆದಿದ್ದರು. ಸಮಾರಂಭಗಳಲ್ಲಿ ಹೆಂಡತಿ ಅಡುಗೆಮನೆಯಲ್ಲೇ ಉಳಿಯಬಾರದೆಂಬ ಪ್ರೀತಿಯಿಂದ ಸೇರಿಸಿದ ಮಾತು. ಅವರು ಒಬ್ಬರೇ ದೀಪ ಹಚ್ಚಿದ ವರ್ಷಗಳಲ್ಲಿ ಯಾರೂ ತಕರಾರು ಎತ್ತಿರಲಿಲ್ಲ. ಈಗ ಎತ್ತಿದರು. ಆಂಟಿ ವಿಚ್ಛೇದನ ಪಡೆದವರು. ಗಂಡನನ್ನು ಬಿಟ್ಟು ಬಂದವಳು ದೇವಿಯ ಮುಂದೆ ದೀಪ ಹಚ್ಚುವುದೇ ಎಂದು ಒಂಬತ್ತು ಜನರ ಸಮಿತಿಯಲ್ಲಿ ಐವರು ರಾಜೀನಾಮೆಯ ಬೆದರಿಕೆ ಹಾಕಿದರು. ಕೂಟ ಇಬ್ಭಾಗವಾಗುವುದರಲ್ಲಿತ್ತು.

ನಾನು ಕಾರ್ಯದರ್ಶಿ. ಸಮಸ್ಯೆ ಕಂಡರೆ ಕೈ ಕಟ್ಟಿ ಕೂರುವವಳಲ್ಲ, ಅದೇ ನನ್ನ ರೋಗ. ಎಲ್ಲರಿಗೂ ಇಮೇಲ್ ಬರೆದೆ: ಮೇಷ್ಟ್ರು ಮದುವೆಯಾಗಲಿ, ದೀಪವನ್ನು ಎಂದಿನಂತೆ ಒಬ್ಬರೇ ಹಚ್ಚಲಿ, ಆಂಟಿ ಮುಂದಿನ ಸಾಲಿನಲ್ಲಿ ಕೂರಲಿ. ಐವರೂ ಒಪ್ಪಿದರು. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಶನಿವಾರ ಶನಿವಾರ ಕೇಳಿದ್ದ ಆ ರಾಜನ ಕಥೆ ಒಂದು ಸಲವೂ ನೆನಪಾಗಲಿಲ್ಲ.

ಆ ಭಾನುವಾರ ಸಂಜೆ ಮೇಷ್ಟ್ರನ್ನು ಸ್ಟೇಷನ್ನಿನಿಂದ ಕರೆತರಲು ಹೋಗಿದ್ದೆ. ಕಾರಿನಲ್ಲಿ ಕೂತವರು ಸೀಟ್ ಬೆಲ್ಟನ್ನೇ ಹಾಕಿಕೊಳ್ಳಲಿಲ್ಲ.

"ನಿನ್ನ ಇಮೇಲು ಅವಳಿಗೆ ಓದಿ ಹೇಳಿದೆ," ಎಂದರು. "ನೀವ್ ಏನಂದ್ರಿ ಅವರಿಗೆ ಅಂತ ಕೇಳಿದ್ಲು. ವಿಚಾರ ಮಾಡ್ತೀನಿ ಅಂದಿದ್ದೀನಿ ಅಂದೆ."

"ಆಮೇಲೆ ಸಾರ್?"

"ಅಷ್ಟೇ. ನನಗೆ ಟೀ ಕೊಟ್ಟು ಅಂಗಡಿ ಬಾಗಿಲು ಹಾಕಿದ್ಲು. ನಿಂದೇನೂ ತಪ್ಪಿಲ್ಲಮ್ಮ. ಒಂದೇ ಮಾತಲ್ಲಿ ಆಗಲ್ಲ ಅನ್ನಬೇಕಾಗಿದ್ದವನು ನಾನು. ಈ ಕೂಟ ಒಡೆದ್ರೆ ನಾನು ಎಲ್ಲಿಗೆ ಹೋಗಲಿ ಅಂತ ಭಯ ಆಯ್ತು, ನೋಡು."

ನನ್ನದು ತಪ್ಪೇ. ಅವರು ಕ್ಷಮಿಸಿದ್ದರಿಂದ ಅದೇನೂ ಕರಗಿಲ್ಲ.

ಆಂಟಿ ಮತ್ತೆ ಅವರ ಫೋನ್ ಎತ್ತಲಿಲ್ಲ. ಆ ವರ್ಷವೂ ಮೇಷ್ಟ್ರು ಪೇಟ ಇಟ್ಟು ಕೂತರು, ಒಬ್ಬರೇ ದೀಪ ಹಚ್ಚಿದರು, ಸಮಿತಿ ಇಡಿಯಾಗಿ ಚಪ್ಪಾಳೆ ತಟ್ಟಿತು. ಮಕ್ಕಳು ಮುಜುರೆ ಮಾಡಿದಾಗ ಅವರಿಗೆ ನಗು ತಡೆಯುವ ಕಷ್ಟವೇ ಬರಲಿಲ್ಲ. ಮಾರ್ಚಿನಲ್ಲಿ ಹೃದಯಾಘಾತವಾಗಿ ಹೋಗಿಬಿಟ್ಟರು.

ಶ್ರದ್ಧಾಂಜಲಿ ಸಭೆಗೆ ಬಾಗಿಲಲ್ಲಿ ಒಂದು ಪುಸ್ತಕ ಇಟ್ಟಿದ್ದೆ. ಹೆಸರು, ಊರು, ಮೇಷ್ಟ್ರಿಗೆ ಏನಾಗಬೇಕು ಎಂದು ಕಾಲಮ್ಮು ಎಳೆದವಳೂ ನಾನೇ. ಶಿಷ್ಯ, ಗೆಳೆಯ, ನೆರೆಮನೆಯವರು ಎಂದು ಜನ ಬರೆದು ಒಳಗೆ ಹೋಗುತ್ತಿದ್ದರು. ಸಭೆ ಶುರುವಾಗುವ ಹೊತ್ತಿಗೆ ಆಂಟಿ ಬಂದರು. ಹೆಸರು ಬರೆದರು, ಊರು ಬರೆದರು, ಮೂರನೆಯ ಕಾಲಮ್ಮಿಗೆ ಬಂದು ನಿಂತರು.

"ಇಲ್ಲೆ ಏನ್ ಬರೀಲೆವ್ವಾ?"

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು.

"ಹೆಂಡತಿ ಅಂತ ಬರೀರಿ, ಆಂಟಿ."

"ಅದನ್ನ ಅವರು ಹೇಳಬೇಕಾಗಿತ್ತು," ಎಂದು ಪೆನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದರು.