ಮಡಿಲಿಗೆ ಬಿದ್ದ ಇಲಿ

ನನ್ನ ಬಲಗೈ ಮೊಣಕೈವರೆಗೂ ಇಲಿಯ ಬಿಲದೊಳಗಿತ್ತು. ನಮ್ಮೂರು ವಳಕಮದಿನ್ನಿಗೆ ಇನ್ನೂ ಕಾಲುವೆ ಬಂದಿರದ ಕಾಲ. ಜೋಳದ ಸುಗ್ಗಿ ಮುಗಿದ ಮೇಲೆ, ಇಲಿಗಳು ಕೂಡಿಟ್ಟ ತೆನೆ ತೆಗೆಯಲು ಅತ್ತೆಯ ಜೊತೆ ಹೊಲಕ್ಕೆ ಹೋಗಿದ್ದೆ. ಮುಷ್ಟಿ ತುಂಬ ತೆನೆ ಸಿಕ್ಕಿತ್ತು.

ಅಷ್ಟರಲ್ಲಿ ಪಕ್ಕದ ತೂತಿನಿಂದ ಒಂದು ಇಲಿ ಚಿಮ್ಮಿತು. ಉದ್ದನೆಯ ಹಿಂಗಾಲು, ಬಾಲದ ತುದಿಗೆ ಕಪ್ಪು ಕುಚ್ಚು, ಒಂದೇ ನೆಗೆತಕ್ಕೆ ಮಾರುದ್ದ ಹಾರುವ ಜಾತಿಯದು. ಮನುಷ್ಯರ ನೆರಳು ಕಂಡರೆ ಓಡುವ ಆ ಇಲಿ ನೆಟ್ಟಗೆ ನನ್ನ ಮಡಿಲಿಗೇ ಬಿದ್ದು, ನಡುಗುತ್ತ ಕೂತಿತು. ನನಗೆ ನಗು ಬಂತು. ಅತ್ತೆಯ ಮುಖ ಬಿಳಚಿಕೊಂಡಿತು.

“ನಗಬ್ಯಾಡ ಬೇ! ನಮಗಿಂತ ಜಾಸ್ತಿ ಇನ್ನೇನಕೋ ಅಂಜಿ ಬಂದೈತಿ ಅದು. ತೆನಿ ಬಿಡು, ಸಾವಕಾಶ ಕೈ ತಗಿ.”

ತೆನೆ ಹಿಡಿದ ಮುಷ್ಟಿ ಬಿಲದ ಇಕ್ಕಟ್ಟಿನಲ್ಲಿ ಸಿಕ್ಕಿಕೊಂಡಿತ್ತು. ಅಷ್ಟು ಜೋಳ ಬಿಡಲು ಮನಸ್ಸಾಗದೆ ಎಳೆದೆ. ಬರಲಿಲ್ಲ. ಮತ್ತೆ ಎಳೆದೆ. ಒಳಗೆ ಏನೋ ಬುಸ್ಸೆಂದಿತು. ಬೆರಳುಗಳು ತಾವಾಗಿಯೇ ಬಿಚ್ಚಿಕೊಂಡವು. ಕೈ ಹೊರಬಂದ ಬೆನ್ನಿಗೇ ನಾಗರಹಾವಿನ ತಲೆ ಇಣುಕಿತು. ನಾವಿಬ್ಬರೂ ಉಸಿರು ಬಿಗಿಹಿಡಿದೆವು. ಅದು ನಿಧಾನವಾಗಿ ಬದುವಿನತ್ತ ಹರಿದುಹೋಯಿತು. ಆಮೇಲೆಯೇ ಇಲಿ ನನ್ನ ಮಡಿಲಿನಿಂದ ಜಿಗಿದು ಮಾಯವಾಯಿತು.

ಅತ್ತೆ ನನ್ನ ಕೈಗೆ ಫಟ್ಟನೆ ಒಂದು ಏಟು ಕೊಟ್ಟರು. ಮರುಗಳಿಗೆ ಅದೇ ಕೈಯನ್ನು ಎದೆಗೊತ್ತಿಕೊಂಡು ಅತ್ತರು.

ಈಗ ಆ ಹೊಲ ಭತ್ತದ ಗದ್ದೆ. ಜಿಗಿಯುವ ಇಲಿ ಅಲ್ಲಿ ಒಂದೂ ಇಲ್ಲ. ಆಗ ನನ್ನ ಮದುವೆಯಾಗಿ ಎಂಟು ತಿಂಗಳಾಗಿದ್ದರೂ ಅತ್ತೆ ನನ್ನ ಕೈ ಹಿಡಿದದ್ದು ಅವತ್ತೇ ಮೊದಲು. ಊರು ಮುಟ್ಟುವವರೆಗೂ ಬಿಡಲಿಲ್ಲ.