ಗದ್ದ ಎತ್ತಿದ ಗೌರಕ್ಕ

ನಮ್ಮ ಚನ್ನಪಟ್ಟಣದ ಶೆಡ್ಡಿನಲ್ಲಿ ಗೊಂಬೆಗೆ ಕಣ್ಣು ಬರೆಯುವ ಹೆಂಗಸರೆಲ್ಲ ಗೊಂಬೆಯ ಮೇಲೆ ಬಗ್ಗಿ ಕೂರುತ್ತಿದ್ದೆವು. ಗೌರಕ್ಕ ಮಾತ್ರ ಬಗ್ಗುತ್ತಿರಲಿಲ್ಲ. ಗೊಂಬೆಯನ್ನೇ ಮುಖದೆದುರಿಗೆ ಎತ್ತಿ ಹಿಡಿದು, ಗದ್ದ ಮೇಲೆ ಮಾಡಿ, ರೆಪ್ಪೆ ಅರ್ಧ ಮುಚ್ಚಿ ಕುಂಚ ಆಡಿಸುತ್ತಿದ್ದಳು. ಮೊದಲ ಸಲ ನೋಡಿದವರಿಗೆ ಯಾವುದೋ ಪಾಳೆಯಗಾರನ ಹೆಂಡತಿ ಕೂಲಿಗೆ ಬಂದಿದ್ದಾಳೆ ಅನ್ನಿಸಬೇಕು, ಹಾಗೆ.

ಗಂಡಸು ಗದ್ದ ಎತ್ತಿ ನಡೆದರೆ ಅದನ್ನು ಗತ್ತು ಅನ್ನುವ ಜನ ಇವಳದಕ್ಕೆ ಕೊಬ್ಬು ಅಂದರು. "ನಮ್ಮತ್ತೆ ತಲೆ ಮ್ಯಾಲೆ ಕೈಯಿಟ್ಟು ಅದುಮೋರು ಕಣಮ್ಮಿ. ಬಗ್ಸುದ್ರೆ ಗಂಟ್ಲಿಗೆ ಬಿರಡೆ ಇಟ್ಟಂಗಾಯ್ತದೆ, ಯಾರ್ಗೆ ಹೇಳಾನ?" ಎಂದು ಗೌರಕ್ಕ ನಗುತ್ತಿದ್ದಳು. ಅವಳು ನಕ್ಕಳೆಂದು ನಾವೂ ನಗುತ್ತಿದ್ದೆವು.

ಅವಳ ಮಗಳ ಮದುವೆಯಲ್ಲಿ ಧಾರೆ ಎರೆಯುವಾಗ ಫೋಟೋದವನು, "ಅಮ್ಮ, ಒಸಿ ತಲೆ ತಗ್ಸಿ" ಅಂದ. ತಗ್ಗಿಸಿದಳು. ನೀರು ಎರೆದು ಮುಗಿಯುವ ಮೊದಲೇ ತಲೆ ಮತ್ತೆ ಮೇಲೆದ್ದಿತು. ಬೀಗರ ಕಡೆಯ ಮುದುಕಿಯೊಬ್ಬಳು ಎಲ್ಲರಿಗೂ ಕೇಳುವಂತೆ, "ಹೆಣ್ಣೆತ್ತೋಳ್ಗೆ ಇಷ್ಟು ಧಿಮಾಕಾ?" ಅಂದಳು. ನನಗಂತೂ ಮೈಯೆಲ್ಲ ಉರಿದುಹೋಯಿತು. ಗೌರಕ್ಕ ಏನೂ ಕೇಳಿಸದವಳಂತೆ ಊಟಕ್ಕೆ ಎಲೆ ಹಾಕಿಸಲು ಹೋದಳು.

ಶೆಡ್ಡಿನಲ್ಲಿ ಮಧ್ಯಾಹ್ನದ ಹೊತ್ತು ಕುಂಚ ಹಿಡಿದಂತೆಯೇ ತೂಕಡಿಸುತ್ತಿದ್ದಳು. ಶೆಡ್ಡಿನ ಯಜಮಾನರಾದ ಸಾಬರು, "ಗೌರಮ್ಮ, ರಾತ್ರಿಯೆಲ್ಲ ಪಹರೆ ಕಾಯ್ತೀರಾ?" ಎಂದು ಛೇಡಿಸುತ್ತಿದ್ದರು. "ಮಲಗೇ ಇರ್ತೀನಿ ಸಾಬ್ರೆ. ಎದ್ರೆ ನಿದ್ದೆ ಮಾಡ್ದಂಗೇ ಇರಕಿಲ್ಲ, ತಲೆ ಬ್ಯಾರೆ ಸಿಡಿತದೆ" ಅನ್ನುತ್ತಿದ್ದಳು. ಅದನ್ನು ಯಾರೂ ತಲೆಗೆ ಹಚ್ಚಿಕೊಳ್ಳಲಿಲ್ಲ. ಆ ಮನೆಯಲ್ಲಿ ನಿದ್ದೆಯ ತೊಂದರೆ ಎಂದರೆ ಅವಳ ಗಂಡ ಶಿವಣ್ಣನ ಗೊರಕೆ, ಅಷ್ಟೇ. ಅದು ಬೀದಿಗೆಲ್ಲ ಕೇಳುತ್ತಿತ್ತು.

ಕೊನೆಗೆ ಅವನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದವಳೂ ಇವಳೇ. ರಾತ್ರಿ ಮೂಗಿಗೆ ಕಟ್ಟಿಕೊಂಡು ಮಲಗುವ ಗಾಳಿ ಮಿಷಿನ್ ಕೊಟ್ಟರು. ಡಾಕ್ಟರು ಚಿಕ್ಕ ವಯಸ್ಸಿನ ಹುಡುಗಿ. ಗೌರಕ್ಕನ ಕತ್ತನ್ನೇ ನೋಡುತ್ತಾ, "ನಿಮ್ಮ ನಿದ್ದೆ ಹೇಗಮ್ಮಾ?" ಎಂದು ಕೇಳಿದಳಂತೆ.

"ನಂದು ಬುಡಿ ಮೇಡಂ, ನಾನು ಗೊರಕೆ ಹೊಡಿಯಕಿಲ್ಲ."

ಆಕೆ ಬಿಡಲಿಲ್ಲ. ಗಂಡಸರ ಗಂಟಲೊಳಗಿನ ಉಸಿರಿನ ದಾರಿ ಉದ್ದ, ಹೆಂಗಸರದು ಗಿಡ್ಡ. ನಿದ್ದೆಯಲ್ಲಿ ಅವರದು ಮುಚ್ಚಿಕೊಂಡರೆ ಗೊರಕೆ ಊರಿಗೇ ಕೇಳುತ್ತದೆ, ಹೆಂಗಸರಲ್ಲಿ ಎಷ್ಟೋ ಸಲ ಬರೀ ಸುಸ್ತು, ತಲೆನೋವು ಕಾಣುತ್ತದೆ. ದಾರಿ ಇಕ್ಕಟ್ಟಾದವರು ಗೊತ್ತಿಲ್ಲದೇ ಗದ್ದ ಎತ್ತಿಕೊಳ್ಳುವುದುಂಟು ಎಂದು ಬಿಡಿಸಿ ಹೇಳಿ, ಒಂದು ರಾತ್ರಿ ಬಂದು ಮಲಗಿ, ಪರೀಕ್ಷೆ ಮಾಡೋಣ ಅಂದಳಂತೆ.

ಮಾರನೆಯ ದಿನ ಗೌರಕ್ಕ ಶೆಡ್ಡಿನಲ್ಲಿ ಒಬ್ಬೊಬ್ಬರ ಹತ್ತಿರವೂ ಹೋಗಿ, "ನಂದು ಕೊಬ್ಬಲ್ವಂತೆ ಕಣಮ್ಮಿ, ಗಾಳಿ ಸಾಲ್ದಂತೆ" ಅಂದಳು. ಅಷ್ಟು ಖುಷಿಯಾಗಿ ಅವಳನ್ನು ನಾನು ಕಂಡದ್ದೇ ಇಲ್ಲ. ಪರೀಕ್ಷೆಗೆ ಮಾತ್ರ, "ಮಗಳ ಬಾಣಂತನ ಮುಗೀಲಿ, ಹೋಯ್ತೀನಿ" ಅಂದಳು. ಬಾಣಂತನ ಮುಗಿಯುವಷ್ಟರಲ್ಲಿ ದಸರಾ ಗೊಂಬೆಗಳ ಕೆಲಸ ಮೈಮೇಲೆ ಬಿತ್ತು. ಅದರ ನಡುವೆ ಒಂದು ಬೆಳಿಗ್ಗೆ ಅವಳು ಏಳಲಿಲ್ಲ.

ತಿಥಿ ಮುಗಿದ ಮೇಲೆ ಶಿವಣ್ಣ ಜಗಲಿಯಲ್ಲಿ ಕೂತಿದ್ದ. ನಾನು ಹತ್ತಿರ ಹೋಗಿ ಕೂತೆ. ಅವನೇ ಮಾತು ತೆಗೆದ.

"ಮಿಷಿನ್ ಬಂದ್ಮ್ಯಾಲೆ ನನ್ ಗೊರಕೆ ನಿಂತೋಯ್ತು ಕಣವ್ವ. ಆಮ್ಯಾಕೇ ನಂಗೆ ಅವಳ ಉಸ್ರು ಕೇಳ್ಸಕ್ಕೆ ಸುರುವಾಗಿದ್ದು. ಒಸಿ ಹೊತ್ತು ನಿಂತೋಗೋದು, ಆಮೇಲೆ ತಿರ್ಗಾ ಬರೋದು. ಪಾಪ, ಹಗ್ಲೆಲ್ಲ ದುಡ್ದು ಮಲಗವ್ಳೆ, ಯಾಕೆ ಎಬ್ಬುಸದು ಅಂತ ಸುಮ್ಕಿದ್ದೆ."